ಕನ್ನಡ ವಿಕಿಪೀಡಿಯದ ಎಕ್ಸ್‌ಎಂಎಲ್ ಡಂಪ್ ಅನ್ನು ಪೈಥಾನ್‌ನಲ್ಲಿ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪದಪಟ್ಟಿ ಕಟ್ಟುವವರು, ಕಾಗುಣಿತ ತಿದ್ದುವ ತಂತ್ರಾಂಶ ಬರೆಯುವವರು, ಭಾಷಾ ಮಾದರಿಗೆ ಪಠ್ಯ ಹೊಂದಿಸುವವರು, ಹೀಗೆ ದೊಡ್ಡ ಪ್ರಮಾಣದ ಮುಕ್ತ ಕನ್ನಡ ಪಠ್ಯ ಬೇಕಾದವರೆಲ್ಲ ಸಾಮಾನ್ಯವಾಗಿ ಮೊದಲು ಕೈಹಾಕುವುದು ಕನ್ನಡ ವಿಕಿಪೀಡಿಯದ ಡಂಪ್‌ಗೆ. ಡಂಪ್ ಎಂದರೆ ತಾಣದ ಪುಟಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಲು ಕಟ್ಟಿಟ್ಟ ಪ್ರತಿ. ಅದು ಒಂದು ದೊಡ್ಡ ಎಕ್ಸ್‌ಎಂಎಲ್ ಕಡತ, ಅಂದರೆ ಪ್ರತಿ ಭಾಗವನ್ನೂ ಅದರ ಹೆಸರು ಹೇಳುವ ಟ್ಯಾಗ್‌ಗಳ ನಡುವೆ ಇಟ್ಟ ಕಡತ. ಅದನ್ನು ಓದುವಾಗ ಎದುರಾಗುವ ತೊಡಕುಗಳು ಬಹುಮಟ್ಟಿಗೆ ಎಲ್ಲ ಎಕ್ಸ್‌ಎಂಎಲ್ ಕಡತಗಳಲ್ಲೂ ಎದುರಾಗುವಂಥವೇ. ಆದ್ದರಿಂದ ಬೇರೆ ಕಡತ ಹಿಡಿದು ಕೂತವರಿಗೂ ಈ ಉತ್ತರಗಳು ಉಪಯೋಗಕ್ಕೆ ಬರುತ್ತವೆ. ಆಜ್ಞೆಗಳ ಮತ್ತು ಟ್ಯಾಗ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಕೋಡ್ ಬರೆಯುವಾಗ ಅವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

ಹತ್ತಾರು ಕಡತಗಳಿವೆ. ಯಾವುದನ್ನು ಇಳಿಸಿಕೊಳ್ಳಬೇಕು?

ವಿಕಿಮೀಡಿಯದ ಡಂಪ್ ತಾಣದಲ್ಲಿ ‘ಕೆಎನ್‌ವಿಕಿ’ ಎಂಬ ಫೋಲ್ಡರ್ ನೋಡಿ. ಲೇಖನಗಳ ಇಂದಿನ ರೂಪ ಮಾತ್ರ ಸಾಕೆಂದರೆ ಹೆಸರಿನಲ್ಲಿ ‘ಪೇಜಸ್-ಆರ್ಟಿಕಲ್ಸ್’ ಎಂದಿರುವ ಕಡತ ಸಾಕು. ‘ಪೇಜಸ್-ಮೆಟಾ-ಹಿಸ್ಟರಿ’ ಎಂದಿರುವುದರಲ್ಲಿ ಪ್ರತಿ ಪುಟದ ಪ್ರತಿ ತಿದ್ದುಪಡಿಯ ಪೂರ್ಣ ಪಠ್ಯ ಇರುತ್ತದೆ. ಸಂಪಾದನೆಯ ಇತಿಹಾಸವೇ ನಿಮ್ಮ ವಿಷಯವಾಗಿದ್ದರೆ ಹೊರತು ಅದರ ಗೋಜಿಗೆ ಹೋಗಬೇಡಿ. ‘ಮಲ್ಟಿಸ್ಟ್ರೀಮ್’ ಎಂಬುದು ಲೇಖನಗಳ ಕಡತದ್ದೇ ಇನ್ನೊಂದು ಕಟ್ಟು. ಅದರ ಮಾತು ಕೊನೆಯ ಪ್ರಶ್ನೆಯಲ್ಲಿದೆ.

ಇಳಿಸಿಕೊಂಡ ಮೇಲೆ ಅಲ್ಲೇ ಕೊಟ್ಟಿರುವ ಚೆಕ್‌ಸಮ್ (ಕಡತ ಪೂರ್ತಿ ಸರಿಯಾಗಿ ಬಂದಿದೆಯೇ ಎಂದು ತಿಳಿಸುವ ಸಂಕೇತ) ಜತೆ ತಾಳೆ ನೋಡುವುದನ್ನು ತಪ್ಪಿಸಬೇಡಿ. ಅರ್ಧಕ್ಕೆ ನಿಂತ ಡೌನ್‌ಲೋಡ್ ಮೊದಲ ಸಾವಿರಾರು ಪುಟಗಳನ್ನು ಸರಿಯಾಗಿಯೇ ಕೊಟ್ಟು, ಕೊನೆಯಲ್ಲಿ ‘ಇಒಎಫ್‌ಎರರ್’ ಎಂದು ನಿಲ್ಲುತ್ತದೆ. ಆಗ ತಪ್ಪು ಕೋಡ್‌ನಲ್ಲಿದೆ ಎಂದುಕೊಂಡು ಒಂದು ದಿನ ಕಳೆಯುವುದು ಸುಲಭ.

ಈ ಪಠ್ಯದ ಪರವಾನಗಿ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0. ಮರುಬಳಸುವಾಗ ಮೂಲವನ್ನು ಹೇಳಬೇಕು, ಪಠ್ಯವನ್ನು ಮಾರ್ಪಡಿಸಿ ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು.

ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕಂಪ್ಯೂಟರ್ ಸ್ತಬ್ಧವಾಗುತ್ತದೆ. ಒಳಗೆ ಏನಿದೆ ಎಂದು ನೋಡುವುದು ಹೇಗೆ?

ಇಡೀ ಕಡತ ತೆರೆಯುವ ಅಗತ್ಯವೇ ಇಲ್ಲ. ಅದನ್ನು ಬಿಝಡ್2 ರೀತಿಯಲ್ಲಿ ಕುಗ್ಗಿಸಿಟ್ಟಿದೆ. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ‘ಬಿಝಡ್‌ಕ್ಯಾಟ್’ ಹಾಕಿ, ಅದರ ಔಟ್‌ಪುಟ್ ಅನ್ನು ‘ಹೆಡ್’ಗೆ ಕೊಟ್ಟು ಮೊದಲ 100 ಸಾಲು ನೋಡಿ. ವಿಂಡೋಸ್‌ನಲ್ಲಾದರೆ ಪೈಥಾನ್‌ನ ‘ಬಿಝಡ್2’ ಮಾಡ್ಯೂಲ್‌ನಿಂದ ತೆರೆದು 100 ಸಾಲು ಮುದ್ರಿಸಿ. ಕೋಡ್ ಬರೆಯುವ ಮೊದಲು ಈ 5 ನಿಮಿಷ ಕೊಡಲೇಬೇಕು. ಕೆಳಗಿನ ಪ್ರಶ್ನೆಗಳಲ್ಲಿ ಅರ್ಧದಷ್ಟು ಹುಟ್ಟುವುದೇ ಕಡತವನ್ನು ಕಣ್ಣಲ್ಲಿ ನೋಡದೆ ಕೋಡ್ ಬರೆಯಲು ಕೂತಾಗ.

ನಿಮಗೆ ಕಾಣುವುದು ಇಷ್ಟು. ಎಲ್ಲಕ್ಕಿಂತ ಹೊರಗೆ ‘ಮೀಡಿಯಾವಿಕಿ’ ಎಂಬ ಬೇರು ಟ್ಯಾಗ್. ಅದರೊಳಗೆ ಮೊದಲು ‘ಸೈಟ್‌ಇನ್ಫೋ’, ಆಮೇಲೆ ಸಾಲಾಗಿ ‘ಪೇಜ್’ಗಳು. ಒಂದೊಂದು ಪೇಜ್‌ನಲ್ಲೂ ‘ಟೈಟಲ್’, ‘ಎನ್‌ಎಸ್’, ‘ಐಡಿ’, ಕೆಲವದರಲ್ಲಿ ‘ರಿಡೈರೆಕ್ಟ್’, ಆಮೇಲೆ ‘ರಿವಿಜನ್’. ರಿವಿಜನ್‌ನ ಒಳಗೆ ಮತ್ತೊಂದು ‘ಐಡಿ’, ‘ಟೈಮ್‌ಸ್ಟ್ಯಾಂಪ್’, ‘ಕಾಂಟ್ರಿಬ್ಯೂಟರ್’, ಮತ್ತು ನಮಗೆ ಬೇಕಾದ ‘ಟೆಕ್ಸ್ಟ್’.

ಇಷ್ಟಕ್ಕೆ ಪಾರ್ಸರ್ (ಎಕ್ಸ್‌ಎಂಎಲ್ ಓದಿ ಬಿಡಿಸಿಕೊಡುವ ತಂತ್ರಾಂಶ) ಯಾಕೆ? ಟೈಟಲ್ ಟ್ಯಾಗ್‌ಗಳ ನಡುವೆ ಇರುವುದನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ನಿಂದ (ಅಕ್ಷರಗಳ ವಿನ್ಯಾಸ ಹುಡುಕುವ ಸೂತ್ರದಿಂದ) ಎತ್ತಿಕೊಂಡರೆ ಆಗದೇ?

ಒಮ್ಮೆ ಕಣ್ಣಾಡಿಸಲು ಆದೀತು, ಉಳಿಸಿಕೊಳ್ಳುವ ಕೆಲಸಕ್ಕೆ ಆಗದು. ಎಕ್ಸ್‌ಎಂಎಲ್‌ನಲ್ಲಿ ‘ಮತ್ತು’ ಚಿಹ್ನೆ, ಕೋನ ಆವರಣ ಇವೆಲ್ಲ ಸಂಕೇತರೂಪದಲ್ಲಿರುತ್ತವೆ. ಪಾರ್ಸರ್ ಅವನ್ನು ಬಿಡಿಸಿ ಕೊಡುತ್ತದೆ, ರೆಗ್ಯುಲರ್ ಎಕ್ಸ್‌ಪ್ರೆಶನ್ ಕೊಡುವುದಿಲ್ಲ. ಟೆಕ್ಸ್ಟ್ ಟ್ಯಾಗ್‌ಗೆ ಇವತ್ತು ಎರಡು ಆಟ್ರಿಬ್ಯೂಟ್ (ತೆರೆಯುವ ಟ್ಯಾಗ್‌ನೊಳಗೇ ಬರೆಯುವ ಹೆಚ್ಚುವರಿ ಮಾಹಿತಿ) ಇದ್ದು ನಾಳೆ ಮೂರಾದರೆ, ಅಥವಾ ಪಠ್ಯವಿಲ್ಲದ ಟ್ಯಾಗ್ ತನ್ನಲ್ಲೇ ಮುಚ್ಚಿಕೊಂಡು ಬಂದರೆ, ನಿಮ್ಮ ವಿನ್ಯಾಸ ಒಂದು ಪುಟವನ್ನು ಬಿಟ್ಟು ಮುಂದಿನ ಪುಟದ ಪಠ್ಯವನ್ನು ಇದಕ್ಕೆ ಅಂಟಿಸುತ್ತದೆ. ದೋಷದ ಸಂದೇಶ ಕೂಡ ಬರುವುದಿಲ್ಲ, ತಪ್ಪು ದತ್ತಾಂಶ ಸದ್ದಿಲ್ಲದೆ ಉಳಿದುಬಿಡುತ್ತದೆ. ಅದೇ ಇದರಲ್ಲಿರುವ ನಿಜವಾದ ಅಪಾಯ.

ಎಲಿಮೆಂಟ್‌ಟ್ರೀ, ಎಲ್‌ಎಕ್ಸ್‌ಎಂಎಲ್, ಮಿನಿಡಾಮ್, ಸ್ಯಾಕ್ಸ್, ಬ್ಯೂಟಿಫುಲ್‌ಸೂಪ್: ಈ ಪಾರ್ಸರ್ ಲೈಬ್ರರಿಗಳಲ್ಲಿ ಯಾವುದು?

ಎಲಿಮೆಂಟ್‌ಟ್ರೀಯಿಂದ ಶುರು ಮಾಡಿ. ಪೈಥಾನ್ 2.5ರಿಂದಲೂ ಅದು ಜತೆಗೇ ಬರುತ್ತದೆ, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಈ ಡಂಪ್ ಓದಲು ಅದು ಧಾರಾಳವಾಗಿ ಸಾಕು. ಪೂರ್ಣ ಎಕ್ಸ್‌ಪಾತ್ 1.0 (ಟ್ಯಾಗ್ ಹುಡುಕುವ ಭಾಷೆ), ಸ್ಕೀಮಾ ಪರಿಶೀಲನೆ (ಕಡತದ ರಚನೆ ನಿಯಮದಂತಿದೆಯೇ ಎಂದು ನೋಡುವುದು), ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ) ಬೇಕಾದಾಗ ಎಲ್‌ಎಕ್ಸ್‌ಎಂಎಲ್‌ಗೆ ಹೋಗಿ. ಅದು ಸಿ ಭಾಷೆಯ ಲಿಬ್‌ಎಕ್ಸ್‌ಎಂಎಲ್2 ಮೇಲೆ ನಿಂತಿದೆ. ಮಿನಿಡಾಮ್ ಇಡೀ ಕಡತವನ್ನು ಮೆಮೊರಿಗೆ ಎಳೆದುಕೊಳ್ಳುತ್ತದೆ, ಎಲಿಮೆಂಟ್‌ಟ್ರೀಗಿಂತ ಹೆಚ್ಚು ಜಾಗ ತಿನ್ನುತ್ತದೆ. ಹೊಸ ಕೆಲಸಕ್ಕೆ ಅದನ್ನು ಆರಿಸಲು ಕಾರಣ ಕಾಣುವುದಿಲ್ಲ. ಸ್ಯಾಕ್ಸ್ ಮೆಮೊರಿಯ ವಿಷಯದಲ್ಲಿ ಮಿತವ್ಯಯಿ, ಆದರೆ ಈಗ ಯಾವ ಟ್ಯಾಗ್‌ನೊಳಗಿದ್ದೇವೆ ಎಂಬ ಲೆಕ್ಕವನ್ನೆಲ್ಲ ನೀವೇ ಇಟ್ಟುಕೊಳ್ಳಬೇಕು. ಬ್ಯೂಟಿಫುಲ್‌ಸೂಪ್ ಕೆಟ್ಟುಹೋದ ಎಚ್‌ಟಿಎಂಎಲ್‌ಗೆ ಒಳ್ಳೆಯದು, ಇಷ್ಟು ದೊಡ್ಡ ಎಕ್ಸ್‌ಎಂಎಲ್‌ಗೆ ಅಲ್ಲ.

ಹಳೆಯ ಟ್ಯುಟೋರಿಯಲ್ ನೋಡಿ ಬರೆದ ಕೋಡ್ ಇಂಪೋರ್ಟ್ ಸಾಲಿನಲ್ಲೇ ಬಿದ್ದರೆ ಗಾಬರಿ ಬೇಡ. ‘ಸಿಎಲಿಮೆಂಟ್‌ಟ್ರೀ’ ಎಂಬ ವೇಗದ ಆವೃತ್ತಿ ಮೊದಲು ಬೇರೆಯೇ ಇತ್ತು. 3.3ರಿಂದ ಸಾಮಾನ್ಯ ಎಲಿಮೆಂಟ್‌ಟ್ರೀಯೇ ಸಾಧ್ಯವಿದ್ದಾಗ ಆ ವೇಗದ ಕೋಡ್ ಬಳಸುತ್ತದೆ, 3.9ರಲ್ಲಿ ಆ ಹೆಸರನ್ನೇ ತೆಗೆದುಹಾಕಿದರು. ‘ಗೆಟ್‌ಚಿಲ್ಡ್ರನ್’ ಕೂಡ ಅದೇ 3.9ರಲ್ಲಿ ಹೋಯಿತು. ಅದರ ಬದಲು ಎಲಿಮೆಂಟ್ ಮೇಲೆ ನೇರವಾಗಿ ‘ಫಾರ್’ ಲೂಪ್ ಹಾಕಿ.

ಕಣ್ಣೆದುರೇ ಪೇಜ್ ಟ್ಯಾಗ್ ಇದೆ, ಆದರೂ ‘ಫೈಂಡ್‌ಆಲ್’ ಖಾಲಿ ಪಟ್ಟಿ ಕೊಡುತ್ತದೆ. ‘ಫೈಂಡ್’ ಕೊಡುವುದು ‘ನನ್’. ಯಾಕೆ?

ನೇಮ್‌ಸ್ಪೇಸ್. ಎಕ್ಸ್‌ಎಂಎಲ್ ಓದುವವರೆಲ್ಲ ಮೊದಲು ಎಡವುವುದು ಇಲ್ಲೇ.

ಬೇರು ಟ್ಯಾಗ್‌ನ ಮೊದಲ ಸಾಲನ್ನು ಇನ್ನೊಮ್ಮೆ ನೋಡಿ. ‘ಎಕ್ಸ್‌ಎಂಎಲ್‌ಎನ್‌ಎಸ್’ ಎಂಬುದರ ಮುಂದೆ ಮೀಡಿಯಾವಿಕಿ ತಾಣದ ಒಂದು ವಿಳಾಸ, ಅದರ ತುದಿಯಲ್ಲಿ ‘ಎಕ್ಸ್‌ಪೋರ್ಟ್-0.10’ ಅಥವಾ ‘0.11’ ಎಂಬಂಥ ಆವೃತ್ತಿ ಇರುತ್ತದೆ. ಹೀಗೆ ಘೋಷಿಸಿದ ಮೇಲೆ ಒಳಗಿನ ಯಾವ ಟ್ಯಾಗ್‌ನ ಪೂರ್ಣ ಹೆಸರೂ ಬರೀ ‘ಪೇಜ್’ ಅಲ್ಲ. ಪುಷ್ಪಾವರಣದೊಳಗೆ ಆ ಇಡೀ ವಿಳಾಸ, ಅದಕ್ಕೆ ಅಂಟಿಕೊಂಡು ‘ಪೇಜ್’: ಎಲಿಮೆಂಟ್‌ಟ್ರೀ ಇಟ್ಟುಕೊಳ್ಳುವುದು ಈ ಹೆಸರನ್ನು. ಊರಿನಲ್ಲಿ ಹತ್ತು ಜನ ಮಂಜುನಾಥರಿದ್ದಾಗ ಮನೆತನದ ಹೆಸರು ಸೇರಿಸಿ ಕರೆಯುವ ಹಾಗೆ. ‘ರೂಟ್ ಡಾಟ್ ಟ್ಯಾಗ್’ ಮುದ್ರಿಸಿ ನೋಡಿದರೆ ಒಂದೇ ಸಾಲಿನಲ್ಲಿ ಎಲ್ಲ ತಿಳಿಯುತ್ತದೆ.

ಪರಿಹಾರಕ್ಕೆ ಮೂರು ದಾರಿಗಳಿವೆ. ಒಂದು, ನಿಮ್ಮದೇ ಒಂದು ಚಿಕ್ಕ ಹೆಸರು ಇಟ್ಟು, ಅದಕ್ಕೆ ವಿಳಾಸ ಜೋಡಿಸಿದ ಡಿಕ್ಷನರಿ ಮಾಡಿ ‘ಫೈಂಡ್’ಗೆ ಎರಡನೇ ಆರ್ಗ್ಯುಮೆಂಟ್ ಆಗಿ ಕೊಡುವುದು. ಎರಡು, ಪೈಥಾನ್ 3.8ರಿಂದ ಆಚೆಗೆ, ಪುಷ್ಪಾವರಣದೊಳಗೆ ನಕ್ಷತ್ರ ಹಾಕಿ ಅದರ ಮುಂದೆ ಟ್ಯಾಗ್ ಹೆಸರು ಬರೆಯುವುದು. ಯಾವ ನೇಮ್‌ಸ್ಪೇಸ್ ಆದರೂ ಸರಿ ಎಂದು ಇದರ ಅರ್ಥ. ಮೂರು, ಬೇರು ಟ್ಯಾಗ್‌ನ ಹೆಸರಿನಿಂದ ಮುಚ್ಚುವ ಪುಷ್ಪಾವರಣದವರೆಗಿನ ಭಾಗವನ್ನು ಕತ್ತರಿಸಿ ಒಂದು ವೇರಿಯಬಲ್‌ನಲ್ಲಿಟ್ಟು, ಪ್ರತಿ ಹೆಸರಿಗೂ ಅದನ್ನು ಮುಂದೆ ಸೇರಿಸುವುದು. ಡಂಪ್ ಮಟ್ಟಿಗೆ ಮೂರನೆಯದೇ ಮೇಲು. ಆವೃತ್ತಿ ಸಂಖ್ಯೆ ಬದಲಾದ ದಿನವೂ ಕೋಡ್ ಮುರಿಯುವುದಿಲ್ಲ. ವಿಳಾಸವನ್ನು ಕೋಡ್‌ನಲ್ಲಿ ಕೈಯಾರೆ ಬರೆದಿಟ್ಟವರಿಗೆ ಆವೃತ್ತಿ ಬದಲಾದಾಗ ಸಿಗುವುದು ಸೊನ್ನೆ ಪುಟ, ಸೊನ್ನೆ ದೋಷ.

ಒಂದು ಸೂಕ್ಷ್ಮವಿದೆ: ಈ ಡೀಫಾಲ್ಟ್ ನೇಮ್‌ಸ್ಪೇಸ್ ಟ್ಯಾಗ್‌ಗಳಿಗೆ ಮಾತ್ರ ತಗಲುತ್ತದೆ, ಆಟ್ರಿಬ್ಯೂಟ್‌ಗಳಿಗಲ್ಲ. ಹಾಗಾಗಿ ಟೆಕ್ಸ್ಟ್ ಟ್ಯಾಗ್‌ನ ‘ಬೈಟ್ಸ್’ ಆಟ್ರಿಬ್ಯೂಟ್ ಅನ್ನು ಬರೀ ‘ಬೈಟ್ಸ್’ ಎಂದೇ ‘ಗೆಟ್’ ಮಾಡಬಹುದು.

‘ಪಾರ್ಸ್’ ಕೊಟ್ಟರೆ ಮೆಮೊರಿ ತುಂಬಿ ಪ್ರೋಗ್ರಾಂ ಸಾಯುತ್ತದೆ. ಹೆಚ್ಚು ರ‍್ಯಾಮ್ ಇಲ್ಲದೆ ಓದಲಾಗದೇ?

ಓದಬಹುದು, ಹಳೆಯ ಲ್ಯಾಪ್‌ಟಾಪ್‌ನಲ್ಲೂ. ‘ಪಾರ್ಸ್’ ಇಡೀ ಮರವನ್ನು ಒಮ್ಮೆಗೇ ಕಟ್ಟುತ್ತದೆ. ನಮಗೆ ಬೇಕಿರುವುದು ಒಂದು ಸಲಕ್ಕೆ ಒಂದು ಪುಟ. ಆ ಕೆಲಸಕ್ಕೆ ‘ಐಟರ್‌ಪಾರ್ಸ್’ ಇದೆ. ಕ್ರಮ ಹೀಗೆ:

1. ‘ಬಿಝಡ್2 ಡಾಟ್ ಓಪನ್’ನಿಂದ ಕಡತವನ್ನು ಬೈನರಿ ರೀತಿಯಲ್ಲಿ, ಅಂದರೆ ‘ಆರ್‌ಬಿ’ ಎಂದು, ತೆರೆಯಿರಿ. ಮೊದಲೇ ಬಿಚ್ಚಿ ಡಿಸ್ಕ್ ತುಂಬಿಸುವ ಅಗತ್ಯವಿಲ್ಲ.
2. ಆ ಕಡತವನ್ನೇ ಐಟರ್‌ಪಾರ್ಸ್‌ಗೆ ಕೊಡಿ. ‘ಸ್ಟಾರ್ಟ್’ ಮತ್ತು ‘ಎಂಡ್’ ಎರಡೂ ಘಟನೆಗಳನ್ನು ಕೇಳಿ.
3. ‘ನೆಕ್ಸ್ಟ್’ ಒಮ್ಮೆ ಕರೆದರೆ ಮೊದಲ ಸ್ಟಾರ್ಟ್ ಘಟನೆ ಸಿಗುತ್ತದೆ. ಅದೇ ಬೇರು. ಅದನ್ನು ‘ರೂಟ್’ ಎಂದು ಹಿಡಿದಿಟ್ಟುಕೊಳ್ಳಿ, ನೇಮ್‌ಸ್ಪೇಸ್ ಅನ್ನೂ ಇಲ್ಲೇ ಕತ್ತರಿಸಿಕೊಳ್ಳಿ.
4. ಲೂಪ್‌ನಲ್ಲಿ, ಘಟನೆ ಎಂಡ್ ಆಗಿದ್ದು ಟ್ಯಾಗ್ ಪೇಜ್ ಆಗಿದ್ದರೆ ಮಾತ್ರ ಆ ಪುಟದ ಕೆಲಸ ಮಾಡಿ.
5. ಕೆಲಸ ಮುಗಿದ ಕೂಡಲೇ ‘ರೂಟ್ ಡಾಟ್ ಕ್ಲಿಯರ್’ ಕರೆಯಿರಿ.

ಐದನೆಯ ಹೆಜ್ಜೆಯಲ್ಲಿ ಪೇಜ್ ಬದಲು ರೂಟ್ ಅನ್ನೇ ತೊಳೆಯುವುದಕ್ಕೆ ಕಾರಣವಿದೆ. ಪೇಜ್ ಅನ್ನು ಮಾತ್ರ ಕ್ಲಿಯರ್ ಮಾಡಿದರೆ ಒಳಗಿನ ಪಠ್ಯವೇನೋ ಹೋಗುತ್ತದೆ, ಆದರೆ ಖಾಲಿ ಪೇಜ್ ಚಿಪ್ಪು ಬೇರಿನ ಮಕ್ಕಳ ಪಟ್ಟಿಯಲ್ಲಿ ಉಳಿಯುತ್ತದೆ. ಪುಟಗಳ ಸಂಖ್ಯೆ ಏರಿದಂತೆ ಚಿಪ್ಪುಗಳ ರಾಶಿಯೂ ಏರುತ್ತದೆ. ಮೆಮೊರಿ ನಿಧಾನಕ್ಕೆ ಮೇಲೇರುತ್ತಲೇ ಇದ್ದರೆ ಕಾರಣ ಇದೇ.

ಸ್ಟಾರ್ಟ್ ಘಟನೆಯಲ್ಲಿ ಪಠ್ಯ ಓದಲು ಹೋಗಬೇಡಿ. ಆ ಹೊತ್ತಿಗೆ ತೆರೆಯುವ ಟ್ಯಾಗ್ ಮಾತ್ರ ಬಂದಿರುವುದು ಖಚಿತ. ಪಾರ್ಸರ್ ತುಂಡು ತುಂಡಾಗಿ ಓದುವುದರಿಂದ ಚಿಕ್ಕ ಪರೀಕ್ಷಾ ಕಡತದಲ್ಲಿ ಪಠ್ಯ ಸಿಕ್ಕಿಬಿಡುತ್ತದೆ, ದೊಡ್ಡದರಲ್ಲಿ ಅಲ್ಲೊಂದು ಇಲ್ಲೊಂದು ಪುಟ ಮಾತ್ರ ಖಾಲಿ ಬರುತ್ತದೆ. ಇಂಥ ದೋಷ ಹುಡುಕುವುದು ಬಹಳ ಕಷ್ಟ.

ಐಟರ್‌ಪಾರ್ಸ್ ಹಾಕಿದ್ದೇನೆ, ಮೆಮೊರಿಯೂ ಸರಿ ಇದೆ. ಆದರೆ ಎಲ್ಲ ಶೀರ್ಷಿಕೆಗಳೂ ಖಾಲಿ!

ಪ್ರತಿ ಎಂಡ್ ಘಟನೆಯಲ್ಲೂ ಕ್ಲಿಯರ್ ಕರೆಯುತ್ತಿದ್ದೀರಿ. ಟೈಟಲ್ ಮುಗಿದಾಗ ಅದಕ್ಕೂ ಎಂಡ್ ಬರುತ್ತದೆ, ಆಗಲೇ ಅದನ್ನು ಅಳಿಸಿಬಿಟ್ಟರೆ ಪೇಜ್ ಮುಗಿಯುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಕ್ಲಿಯರ್ ಸಾಲನ್ನು ಪೇಜ್ ಪರೀಕ್ಷೆಯ ‘ಇಫ್’ ಒಳಕ್ಕೆ ತಳ್ಳಿ.

ಪುಟದ ಐಡಿ ಕೇಳಿದರೆ ಯಾರೋ ಸದಸ್ಯರ ಐಡಿ ಬರುತ್ತದಲ್ಲ?

ಒಂದು ಪೇಜ್‌ನೊಳಗೆ ‘ಐಡಿ’ ಎಂಬ ಟ್ಯಾಗ್ ಮೂರು ಕಡೆ ಬರಬಹುದು: ಪುಟದ್ದು, ರಿವಿಜನ್ನಿನದು, ಕಾಂಟ್ರಿಬ್ಯೂಟರ್‌ನದು. ಐಡಿ ಟ್ಯಾಗ್ ಸಿಕ್ಕಾಗಲೆಲ್ಲ ಒಂದೇ ವೇರಿಯಬಲ್‌ಗೆ ಹಾಕುತ್ತಾ ಹೋದರೆ ಕೊನೆಯಲ್ಲಿ ಬಂದದ್ದು ಉಳಿಯುತ್ತದೆ, ಅಂದರೆ ಸಂಪಾದಕರದು. ಪೇಜ್ ಎಲಿಮೆಂಟ್ ಮೇಲೆ ‘ಫೈಂಡ್‌ಟೆಕ್ಸ್ಟ್’ಗೆ ಬರೀ ಟ್ಯಾಗ್ ಹೆಸರು (ನೇಮ್‌ಸ್ಪೇಸ್ ಸಮೇತ) ಕೊಟ್ಟರೆ ಅದು ನೇರ ಮಕ್ಕಳಲ್ಲಿ ಮಾತ್ರ ಹುಡುಕುತ್ತದೆ, ಮೊಮ್ಮಕ್ಕಳಲ್ಲಿ ಹುಡುಕುವುದಿಲ್ಲ. ರಿವಿಜನ್ನಿನ ಐಡಿ ಬೇಕಿದ್ದರೆ ಮೊದಲು ರಿವಿಜನ್ ಹಿಡಿದು, ಅದರ ಮೇಲೆ ಫೈಂಡ್‌ಟೆಕ್ಸ್ಟ್ ಕರೆಯಿರಿ. ‘ಐಟರ್’ ಆಳಕ್ಕಿಳಿದು ಎಲ್ಲವನ್ನೂ ತರುತ್ತದೆ, ಅದು ಬೇಕೆಂದಾಗ ಮಾತ್ರ ಬಳಸಿ.

ನನ್ನ ಲೆಕ್ಕಕ್ಕೆ ಸಿಗುವ ಪುಟಗಳ ಸಂಖ್ಯೆ ವಿಕಿಪೀಡಿಯ ಹೇಳುವ ಲೇಖನಗಳ ಸಂಖ್ಯೆಗಿಂತ ಬಹಳ ಹೆಚ್ಚು. ಏನು ತಪ್ಪು?

ತಪ್ಪೇನಿಲ್ಲ, ಡಂಪ್‌ನಲ್ಲಿ ಲೇಖನಗಳಲ್ಲದ ಪುಟಗಳೂ ಇವೆ. ಪುಟದ ಬಗೆ ಹೇಳುವ ಎನ್‌ಎಸ್ ಟ್ಯಾಗ್‌ನ ಮೌಲ್ಯ 0 ಆಗಿದ್ದರೆ ಲೇಖನ, 10 ಟೆಂಪ್ಲೇಟು (ಹಲವು ಪುಟಗಳಲ್ಲಿ ಮರುಬಳಸುವ ಅಚ್ಚು), 14 ವರ್ಗ. 0 ಇರುವುದನ್ನು ಮಾತ್ರ ಉಳಿಸಿಕೊಳ್ಳಿ. ಹೋಲಿಸುವಾಗ ನೆನಪಿರಲಿ, ಇದು ಸಂಖ್ಯೆಯಾಗಿ ಬರುವುದಿಲ್ಲ, ಸ್ಟ್ರಿಂಗ್ ಆಗಿ ಬರುತ್ತದೆ. ಎಕ್ಸ್‌ಎಂಎಲ್‌ನಿಂದ ಬರುವುದೆಲ್ಲ ಸ್ಟ್ರಿಂಗೇ.

ಅದಾದ ಮೇಲೆ ಮರುನಿರ್ದೇಶನಗಳನ್ನು, ಅಂದರೆ ಓದುಗರನ್ನು ಬೇರೆ ಪುಟಕ್ಕೆ ಕಳಿಸುವ ಪುಟಗಳನ್ನು, ತೆಗೆಯಬೇಕು. ಇಲ್ಲಿ ಒಂದು ಗುಂಡಿ ಇದೆ. ‘ಇಫ್ ಪೇಜ್ ಡಾಟ್ ಫೈಂಡ್ ರಿಡೈರೆಕ್ಟ್’ ಎಂದು ಬರೆಯುವುದು ತೀರಾ ಸಹಜ. ಆದರೆ ಎಲಿಮೆಂಟ್‌ಟ್ರೀಯಲ್ಲಿ ಮಕ್ಕಳಿಲ್ಲದ ಎಲಿಮೆಂಟ್ ‘ಫಾಲ್ಸ್’ ಎಂದು ಲೆಕ್ಕ. ರಿಡೈರೆಕ್ಟ್ ಟ್ಯಾಗ್‌ಗೆ ಇರುವುದು ಟೈಟಲ್ ಎಂಬ ಆಟ್ರಿಬ್ಯೂಟ್ ಮಾತ್ರ, ಮಕ್ಕಳಿಲ್ಲ. ಹಾಗಾಗಿ ಟ್ಯಾಗ್ ಸಿಕ್ಕರೂ ಪರೀಕ್ಷೆ ಫೇಲ್ ಆಗುತ್ತದೆ, ಒಂದೂ ಮರುನಿರ್ದೇಶನ ಹೊರಗೆ ಹೋಗುವುದಿಲ್ಲ. ‘ಈಸ್ ನಾಟ್ ನನ್’ ಎಂದೇ ಕೇಳಿ. ಪೈಥಾನ್ 3.12ರಿಂದ ಈ ಬಳಕೆಗೆ ಎಚ್ಚರಿಕೆಯ ಸಂದೇಶ ಬರುತ್ತಿದೆ, ಅದನ್ನು ಕಡೆಗಣಿಸಬೇಡಿ.

‘ನನ್‌ಟೈಪ್‌ಗೆ ಆ ಆಟ್ರಿಬ್ಯೂಟ್ ಇಲ್ಲ’ ಎಂದು ನಡುವೆ ಎಲ್ಲೋ ಬೀಳುತ್ತದೆ.

ಟ್ಯಾಗ್ ಇದ್ದು ಒಳಗೆ ಪಠ್ಯವೇ ಇಲ್ಲದಿದ್ದರೆ ‘ಡಾಟ್ ಟೆಕ್ಸ್ಟ್’ ಕೊಡುವುದು ಖಾಲಿ ಸ್ಟ್ರಿಂಗ್ ಅಲ್ಲ, ‘ನನ್’. ಅಳಿಸಲಾದ ಪಠ್ಯ, ಖಾಲಿ ಮಾಡಿದ ಪುಟ ಇಂಥ ಕಡೆ ಹೀಗಾಗುತ್ತದೆ. ಫೈಂಡ್‌ಟೆಕ್ಸ್ಟ್ ಬಳಸಿ, ಡೀಫಾಲ್ಟ್ ಆಗಿ ಖಾಲಿ ಸ್ಟ್ರಿಂಗ್ ಕೊಟ್ಟುಬಿಡಿ: ಟ್ಯಾಗ್ ಇಲ್ಲದಿದ್ದರೂ, ಇದ್ದು ಖಾಲಿಯಿದ್ದರೂ ಖಾಲಿ ಸ್ಟ್ರಿಂಗೇ ಬರುತ್ತದೆ.

ಪಠ್ಯ ಸಿಕ್ಕಿತು. ಆದರೆ ಅದರ ತುಂಬ ಜೋಡಿ ಚೌಕಾವರಣ, ಪುಷ್ಪಾವರಣ, ‘ರೆಫ್’ ಟ್ಯಾಗ್. ಇವನ್ನೂ ಎಲಿಮೆಂಟ್‌ಟ್ರೀಗೆ ಕೊಡಬಹುದೇ?

ಕೊಡಬೇಡಿ. ಎಕ್ಸ್‌ಎಂಎಲ್ ಪಾರ್ಸರ್‌ನ ಕೆಲಸ ಟೆಕ್ಸ್ಟ್ ಟ್ಯಾಗ್ ತಲುಪಿದಲ್ಲಿಗೆ ಮುಗಿಯಿತು. ಒಳಗಿರುವುದು ವಿಕಿಪಠ್ಯ, ಅದರ ವ್ಯಾಕರಣವೇ ಬೇರೆ. ಅಲ್ಲಿ ಕಾಣುವ ರೆಫ್ ಟ್ಯಾಗ್ ಕಡತದಲ್ಲಿ ಸಂಕೇತರೂಪದಲ್ಲಿದ್ದು, ಪಾರ್ಸರ್ ಬಿಡಿಸಿದ್ದರಿಂದ ಹಾಗೆ ಕಾಣುತ್ತಿದೆ. ಅದು ಸರಿಯಾಗಿ ಮುಚ್ಚಿಕೊಂಡಿರಬೇಕೆಂಬ ನಿಯಮವೂ ಇಲ್ಲ. ವಿಕಿಪಠ್ಯ ಬಿಡಿಸಲು ‘ಎಂಡಬ್ಲ್ಯೂ ಪಾರ್ಸರ್ ಫ್ರಮ್ ಹೆಲ್’ ಎಂಬ ಪೈಥಾನ್ ಲೈಬ್ರರಿ ಇದೆ. ಅದರ ‘ಸ್ಟ್ರಿಪ್ ಕೋಡ್’ ಕೊಂಡಿಗಳಲ್ಲಿ ಓದುಗರಿಗೆ ಕಾಣುವ ಪದ ಉಳಿಸಿ ಉಳಿದದ್ದನ್ನು ತೆಗೆಯುತ್ತದೆ. ಟೆಂಪ್ಲೇಟುಗಳು ಮಾತ್ರ ವಿಸ್ತರಣೆಯಾಗುವುದಿಲ್ಲ, ಬಿದ್ದುಹೋಗುತ್ತವೆ. ಆದ್ದರಿಂದ ಟೆಂಪ್ಲೇಟು ತುಂಬಿಕೊಡಬೇಕಿದ್ದ ಜಾಗದಲ್ಲಿ ವಾಕ್ಯ ಮೊಟಕಾಗಿ ಕಾಣುತ್ತದೆ. ಮಾಹಿತಿ ಚೌಕದ ಜನಸಂಖ್ಯೆ, ಪಿನ್‌ಕೋಡ್ ಮುಂತಾದವು ಬೇಕಿದ್ದರೆ ಸ್ಟ್ರಿಪ್ ಮಾಡುವ ಮೊದಲೇ ಟೆಂಪ್ಲೇಟಿನ ನಿಯತಾಂಕಗಳಿಂದ ತೆಗೆದುಕೊಳ್ಳಿ.

‘ಬೈಟ್ಸ್’ ಆಟ್ರಿಬ್ಯೂಟ್ ಹೇಳುವ ಗಾತ್ರಕ್ಕೂ ‘ಲೆನ್’ ಹೇಳುವುದಕ್ಕೂ ಅಜಗಜಾಂತರ. ಪಠ್ಯ ಕಳೆದುಹೋಯಿತೇ?

ಇಲ್ಲ. ಯೂನಿಕೋಡ್‌ನ ಕನ್ನಡ ವಲಯದ ಪ್ರತಿ ಸಂಕೇತಬಿಂದುವಿಗೂ (ಒಂದೊಂದು ಅಕ್ಷರಕ್ಕೆ, ಚಿಹ್ನೆಗೆ ಕೊಟ್ಟ ಸಂಖ್ಯೆ) ಯುಟಿಎಫ್-8ರಲ್ಲಿ (ಆ ಸಂಖ್ಯೆಯನ್ನು ಬೈಟ್‌ಗಳಾಗಿ ಬರೆಯುವ ಕ್ರಮ) 3 ಬೈಟ್ ಬೇಕು. ಲೆನ್ ಎಣಿಸುವುದು ಸಂಕೇತಬಿಂದುಗಳನ್ನು. ‘ಕನ್ನಡ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ 3 ಅಕ್ಷರ. ಪೈಥಾನ್‌ಗೆ ಕ, ನ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ನ, ಡ ಎಂದು 5. ಡಿಸ್ಕ್ ಮೇಲೆ 15 ಬೈಟ್. ಪಠ್ಯವನ್ನು ಯುಟಿಎಫ್-8ಗೆ ಎನ್‌ಕೋಡ್ ಮಾಡಿ ಅದರ ಲೆನ್ ನೋಡಿದರೆ ಬೈಟ್ಸ್ ಸಂಖ್ಯೆಯೊಂದಿಗೆ ತಾಳೆಯಾಗಬೇಕು. ಪಾರ್ಸಿಂಗ್ ಸರಿಯಿದೆಯೇ ಎಂದು ನೋಡಲು ಇದು ಒಳ್ಳೆಯ ಪರೀಕ್ಷೆಯೂ ಹೌದು.

ಮೆಮೊರಿಯ ಲೆಕ್ಕ ಇನ್ನೊಂದು ಬಗೆ. ಪೈಥಾನ್ 3.3ರಿಂದ ಈಚೆಗೆ ಕನ್ನಡ ಸ್ಟ್ರಿಂಗ್ ಸಂಕೇತಬಿಂದುವಿಗೆ 2 ಬೈಟ್‌ನಂತೆ ಕೂರುತ್ತದೆ, ಡಿಸ್ಕ್‌ಗಿಂತ ಕಡಿಮೆ. ಆದರೆ ಅದೇ ಸ್ಟ್ರಿಂಗ್‌ನಲ್ಲಿ ಒಂದೇ ಒಂದು ಎಮೋಜಿ ಸೇರಿದರೂ ಇಡೀ ಸ್ಟ್ರಿಂಗ್ 4 ಬೈಟ್ ಲೆಕ್ಕಕ್ಕೆ ಏರುತ್ತದೆ. ಎಲ್ಲ ಲೇಖನಗಳನ್ನೂ ಒಂದೇ ಸ್ಟ್ರಿಂಗ್ ಆಗಿ ಜೋಡಿಸದಿರಲು ಇದೂ ಒಂದು ಕಾರಣ.

ವಿಂಡೋಸ್‌ನಲ್ಲಿ ‘0ಎಕ್ಸ್8ಡಿ ಬೈಟ್ ಅನ್ನು ಡಿಕೋಡ್ ಮಾಡಲಾಗದು’ ಎಂದು ಬರುತ್ತದೆ. ಕಡತ ಕೆಟ್ಟಿದೆಯೇ?

ಕಡತ ಸರಿಯಾಗಿದೆ, ತೆರೆದ ರೀತಿ ಸರಿಯಿಲ್ಲ. ಎನ್‌ಕೋಡಿಂಗ್ ಹೇಳದೆ ‘ಓಪನ್’ ಮಾಡಿದರೆ ವಿಂಡೋಸ್‌ನಲ್ಲಿ ಪೈಥಾನ್ ಸಾಮಾನ್ಯವಾಗಿ ಸಿಪಿ1252 ಎಂಬ ಪಾಶ್ಚಾತ್ಯ ಪಟ್ಟಿಯನ್ನು ಹಿಡಿಯುತ್ತದೆ. ನಮ್ಮ ವಿರಾಮ ಚಿಹ್ನೆಯ, ಅಂದರೆ ಅರ್ಧಾಕ್ಷರ ಮಾಡುವ ‘್’ನ, ಮೂರನೇ ಬೈಟ್ 8ಡಿ. ಆ ಪಟ್ಟಿಯಲ್ಲಿ ಆ ಜಾಗ ಖಾಲಿ. ಒತ್ತಕ್ಷರವಿಲ್ಲದ ಕನ್ನಡ ಕಡತ ಎಲ್ಲಿದೆ? ಹಾಗಾಗಿ ಕನ್ನಡದ ಮಟ್ಟಿಗೆ ಈ ದೋಷ ಹೆಚ್ಚುಕಡಿಮೆ ಖಾತ್ರಿ. ಅದನ್ನು ‘ಇಗ್ನೋರ್’ ಮಾಡಿ ಮುಂದೆ ಹೋದರೆ ಪ್ರತಿ ಕನ್ನಡ ಚಿಹ್ನೆಯ ಜಾಗದಲ್ಲೂ ಓರೆಗೆರೆ ಹೊತ್ತ ಇಂಗ್ಲಿಷ್ ‘ಎ’, ಅದರ ಪಕ್ಕ ಮೇಲೆ ತೇಲುವ ಸಣ್ಣ 2 ಅಥವಾ 3 ಕಾಣುತ್ತದೆ. ಈ ಗುರುತು ಕಂಡರೆ ಯುಟಿಎಫ್-8 ಕನ್ನಡವನ್ನು ತಪ್ಪು ಪಟ್ಟಿಯಲ್ಲಿ ಓದಲಾಗಿದೆ ಎಂದು ತಿಳಿಯಿರಿ.

ಇದಕ್ಕೆ ಒಂದೇ ನಿಯಮ: ಎಕ್ಸ್‌ಎಂಎಲ್ ಪಾರ್ಸರ್‌ಗೆ ಯಾವಾಗಲೂ ಬೈಟ್‌ಗಳನ್ನೇ ಕೊಡಿ. ಎನ್‌ಕೋಡಿಂಗ್ ಯಾವುದೆಂದು ಕಡತದ ಮೊದಲ ಸಾಲಿನಲ್ಲೇ ಬರೆದಿರುತ್ತದೆ, ಬರೆಯದಿದ್ದರೆ ಯುಟಿಎಫ್-8 ಎಂದು ಹಿಡಿಯಲು ಪಾರ್ಸರ್‌ಗೆ ಗೊತ್ತು. ನೀವು ಮೊದಲೇ ಸ್ಟ್ರಿಂಗ್ ಮಾಡಿ ಕೊಟ್ಟರೆ ಅದರ ಕೈ ಕಟ್ಟಿದಂತೆ. ಎಲ್‌ಎಕ್ಸ್‌ಎಂಎಲ್ ಅಂತೂ ಎನ್‌ಕೋಡಿಂಗ್ ಘೋಷಣೆಯಿರುವ ಸ್ಟ್ರಿಂಗ್ ಕೊಟ್ಟರೆ ‘ವ್ಯಾಲ್ಯೂಎರರ್’ ಎಂದು ನೇರವಾಗಿ ನಿರಾಕರಿಸುತ್ತದೆ.

ಬರೆದಿಟ್ಟ ಕಡತದಲ್ಲಿ ಕನ್ನಡದ ಬದಲು ಬರೀ ಸಂಖ್ಯೆಗಳು ಕಾಣುತ್ತವೆ.

‘ಟೊಸ್ಟ್ರಿಂಗ್’ ಮತ್ತು ‘ರೈಟ್’ ಎರಡರ ಡೀಫಾಲ್ಟ್ ಎನ್‌ಕೋಡಿಂಗ್ ಯುಎಸ್-ಆಸ್ಕಿ. ಅದರಲ್ಲಿ ಕನ್ನಡ ಹಿಡಿಸದ್ದರಿಂದ ‘ಕ’ ಎಂಬುದು 3221 ಎಂಬ ಸಂಖ್ಯಾ ಉಲ್ಲೇಖವಾಗುತ್ತದೆ. ದತ್ತಾಂಶ ಕೆಟ್ಟಿಲ್ಲ, ಮತ್ತೆ ಪಾರ್ಸ್ ಮಾಡಿದರೆ ಕನ್ನಡವೇ ಬರುತ್ತದೆ. ಮನುಷ್ಯರೂ ಓದುವಂತಿರಬೇಕೆಂದರೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಡಿ. ಸಿಎಸ್‌ವಿ ಮಾಡಿ ಎಕ್ಸೆಲ್‌ನಲ್ಲಿ ತೆರೆಯುವವರಿದ್ದರೆ ‘ಯುಟಿಎಫ್-8-ಸಿಗ್’ ಎಂದು ಬರೆಯಿರಿ. ಮೊದಲಿಗೆ ಸೇರುವ 3 ಬೈಟ್‌ಗಳ ಗುರುತಿನಿಂದ ಎಕ್ಸೆಲ್ ಅದನ್ನು ಯುನಿಕೋಡ್ ಎಂದು ಅರ್ಥ ಮಾಡಿಕೊಳ್ಳುತ್ತದೆ.

ಪರದೆಯ ಮೇಲೆ ಎರಡು ಪದ ಒಂದೇ ಥರ ಕಾಣುತ್ತವೆ, ಆದರೆ ಹೋಲಿಸಿದರೆ ಸಮವಲ್ಲ ಎನ್ನುತ್ತದೆ.

ಪದಪಟ್ಟಿ ಮಾಡುವವರು ಇದನ್ನು ಕಡ್ಡಾಯವಾಗಿ ಓದಬೇಕು. ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಬಹುದು. ‘ಕೋ’ದ ಓಕಾರ ಒಂದೇ ಸಂಕೇತಬಿಂದುವಾಗಿರಬಹುದು, ಇಲ್ಲವೇ ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂದು ಮೂರು ತುಂಡಾಗಿರಬಹುದು. ಈ, ಏ, ಐ, ಒ ಕಾರದ ಚಿಹ್ನೆಗಳಿಗೂ ಹೀಗೇ. ಕಣ್ಣಿಗೆ ವ್ಯತ್ಯಾಸವಿಲ್ಲ, ಎಣಿಕೆಯಲ್ಲಿ ಒಂದು ಪದ ಎರಡಾಗುತ್ತದೆ. ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನ ‘ನಾರ್ಮಲೈಸ್’ಗೆ ‘ಎನ್‌ಎಫ್‌ಸಿ’ ಎಂದು ಕೊಟ್ಟು ಪ್ರತಿ ಪಠ್ಯವನ್ನೂ ಒಮ್ಮೆ ಹಾಯಿಸಿದರೆ ಎಲ್ಲ ಒಂದೇ ರೂಪಕ್ಕೆ ಬರುತ್ತವೆ.

ಎನ್‌ಎಫ್‌ಸಿ ಮುಟ್ಟದ ಇನ್ನೊಂದು ವಿಷಯ ಕಾಣದ ಜೋಡಕಗಳು. ‘ರಾಜ್‌ಕುಮಾರ್’ ಎಂಬಲ್ಲಿ ಜ್ ನಂತರ ಯು+200ಸಿ ಇದೆ, ಅದಿಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಒತ್ತು ಬೀಳುತ್ತದೆ. ‘ರ‍್ಯಾಂಕ್’ ಸರಿಯಾಗಿ ಮೂಡಬೇಕಾದರೆ ಯು+200ಡಿ ಬೇಕು. ಟೈಪ್ ಮಾಡುವವರು ಒಬ್ಬೊಬ್ಬರು ಒಂದೊಂದು ಥರ. ಹೋಲಿಕೆಗೆ, ಹುಡುಕಾಟಕ್ಕೆ ಈ ಎರಡನ್ನೂ ತೆಗೆದ ಪ್ರತ್ಯೇಕ ಕೀಲಿ ಮಾಡಿಕೊಳ್ಳಿ. ಮೂಲಪಠ್ಯದಿಂದ ಮಾತ್ರ ಎಂದೂ ತೆಗೆಯಬೇಡಿ, ಬರಹದ ರೂಪವೇ ಕೆಡುತ್ತದೆ.

ಬೇರೆ ಕಡೆಯಿಂದ ಬಂದ ಹಳೆಯ ಎಕ್ಸ್‌ಎಂಎಲ್ ಪಾರ್ಸ್ ಆಯಿತು, ಆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಸಿಕ್ಕಿತು.

ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪಿಸಿದ್ದಿರಬೇಕು. ಅಲ್ಲಿ ಕನ್ನಡ ಇರುವುದು ಫಾಂಟ್‌ನ ಚಿತ್ರದಲ್ಲಿ ಮಾತ್ರ. ಸಂಕೇತ ಲ್ಯಾಟಿನ್ ಅಕ್ಷರಗಳದ್ದೇ. ಯಾವ ಎನ್‌ಕೋಡಿಂಗ್ ಹೆಸರು ಕೊಟ್ಟರೂ ಸರಿಹೋಗುವುದಿಲ್ಲ. ಮೊದಲು ಪಾರ್ಸ್ ಮಾಡಿ, ಆಮೇಲೆ ಪಠ್ಯದ ತುಂಡುಗಳನ್ನು ಮಾತ್ರ ಆಸ್ಕಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಕ್ಕೆ ಕೊಡಿ. ಇಡೀ ಕಡತವನ್ನು ಪರಿವರ್ತಕಕ್ಕೆ ಹಾಕಿದರೆ ಟ್ಯಾಗ್‌ಗಳ ಹೆಸರೂ ಕನ್ನಡದ ಚೂರುಗಳಾಗಿ ಹಾಳಾಗುತ್ತವೆ.

ದೋಷದ ಸಂದೇಶಗಳನ್ನು ಓದುವುದು ಹೇಗೆ?

ಸಾಲು ಮತ್ತು ಕಾಲಂ ಸಂಖ್ಯೆ ಜತೆಗೇ ಬರುತ್ತದೆ, ಮೊದಲು ಅಲ್ಲಿಗೆ ಹೋಗಿ. ‘ಮಿಸ್‌ಮ್ಯಾಚ್ಡ್ ಟ್ಯಾಗ್’ ಎಂದರೆ ತೆರೆದದ್ದು ಒಂದು, ಮುಚ್ಚಿದ್ದು ಇನ್ನೊಂದು. ದೊಡ್ಡಕ್ಷರ ಸಣ್ಣಕ್ಷರ ಬೇರೆಯಾದರೂ ಹೀಗೇ. ‘ಅನ್‌ಡಿಫೈನ್ಡ್ ಎಂಟಿಟಿ’ (ಎಂಟಿಟಿ ಎಂದರೆ ಅಕ್ಷರಕ್ಕೋ ಪಠ್ಯಕ್ಕೋ ಬದಲಾಗಿ ಬರೆಯುವ ಚಿಕ್ಕ ಹೆಸರು) ಬಂದರೆ ಎಚ್‌ಟಿಎಂಎಲ್‌ನ ‘ಎನ್‌ಬಿಎಸ್‌ಪಿ’ಯಂಥದ್ದು ನುಸುಳಿದೆ, ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವ ಎಂಟಿಟಿಗಳು 5 ಮಾತ್ರ. ಘೋಷಣೆ ‘ನಾಟ್ ಅಟ್ ಸ್ಟಾರ್ಟ್’ ಎಂದರೆ ಮೊದಲ ಸಾಲಿಗೂ ಮೊದಲು ಖಾಲಿ ಸಾಲೋ ಸ್ಪೇಸೋ ಇದೆ.

‘ರೆಫರೆನ್ಸ್ ಟು ಇನ್ವ್ಯಾಲಿಡ್ ಕ್ಯಾರೆಕ್ಟರ್ ನಂಬರ್’ ಸ್ವಲ್ಪ ಹಠಮಾರಿ. ಎಕ್ಸ್‌ಎಂಎಲ್ 1.0ರಲ್ಲಿ 32ಕ್ಕಿಂತ ಕೆಳಗಿನ ನಿಯಂತ್ರಣ ಅಕ್ಷರಗಳಲ್ಲಿ ಟ್ಯಾಬ್ ಮತ್ತು ಎರಡು ಬಗೆಯ ಸಾಲುಮುರಿತ ಬಿಟ್ಟರೆ ಉಳಿದವು ನಿಷಿದ್ಧ, ಸಂಖ್ಯಾರೂಪದಲ್ಲಿ ಬರೆದರೂ ನಿಷಿದ್ಧ. ಕೆಲವು ಲೆಕ್ಕಪತ್ರ ತಂತ್ರಾಂಶಗಳ ಎಕ್ಸ್‌ಪೋರ್ಟ್‌ನಲ್ಲಿ 4ನೇ ಸಂಖ್ಯೆಯ ಅಕ್ಷರ ಹೀಗೆ ಸೇರಿರುತ್ತದೆ. ಎಲಿಮೆಂಟ್‌ಟ್ರೀ ಬಳಸುವವರಿಗೆ ಪಾರ್ಸ್ ಮಾಡುವ ಮೊದಲು ಬೈಟ್‌ಗಳಲ್ಲೇ ಅದನ್ನು ತೆಗೆಯದೆ ಬೇರೆ ದಾರಿಯಿಲ್ಲ. ಡಂಪ್‌ನಲ್ಲಿ ಈ ತೊಂದರೆ ಇರುವುದಿಲ್ಲ.

ಅಪರಿಚಿತರು ಕಳಿಸಿದ ಎಕ್ಸ್‌ಎಂಎಲ್ ಪಾರ್ಸ್ ಮಾಡುವುದು ಸುರಕ್ಷಿತವೇ?

ಡಂಪ್ ಬಗ್ಗೆ ಭಯ ಬೇಡ. ಆದರೆ ನಿಮ್ಮ ತಾಣಕ್ಕೆ ಯಾರು ಬೇಕಾದರೂ ಎಕ್ಸ್‌ಎಂಎಲ್ ಏರಿಸುವಂತಿದ್ದರೆ ಎಚ್ಚರ ಬೇಕು. ಒಂದು ಎಂಟಿಟಿಯೊಳಗೆ ಹತ್ತು, ಅದರೊಳಗೆ ಮತ್ತೆ ಹತ್ತು ಎಂದು ಹೆಣೆದು, 1 ಕೆಬಿಯೂ ಇಲ್ಲದ ಕಡತವನ್ನು ಪಾರ್ಸ್ ಆಗುವಾಗ 100 ಕೋಟಿ ತುಂಡುಗಳಾಗಿ ಉಬ್ಬಿಸುವ ದಾಳಿ ಬಹಳ ಹಳೆಯದು. ಎಲಿಮೆಂಟ್‌ಟ್ರೀ ಒಳಗೆ ಬಳಸುವ ಎಕ್ಸ್‌ಪ್ಯಾಟ್‌ಗೆ 2.4.1 ಆವೃತ್ತಿಯಿಂದ ಇದರ ವಿರುದ್ಧ ರಕ್ಷಣೆ ಬಂದಿದೆ. ನಿಮ್ಮಲ್ಲಿರುವುದು ಯಾವುದೆಂದು ‘ಪೈಎಕ್ಸ್‌ಪ್ಯಾಟ್’ ಮಾಡ್ಯೂಲ್‌ನ ಆವೃತ್ತಿ ಸ್ಥಿರಾಂಕ ನೋಡಿ. ಹಳೆಯದಾದರೆ ಇಂಥ ದಾಳಿ ತಡೆಯುವ ‘ಡಿಫ್ಯೂಸ್ಡ್‌ಎಕ್ಸ್‌ಎಂಎಲ್’ ಲೈಬ್ರರಿ ಬಳಸಿ.

ನನಗೆ ಬೇಕಿರುವುದು ಹತ್ತೇ ಲೇಖನ. ಅದಕ್ಕೂ ಇಡೀ ಕಡತ ಓದಬೇಕೇ?

ಬೇಡ, ಮಲ್ಟಿಸ್ಟ್ರೀಮ್ ಇರುವುದೇ ಇದಕ್ಕೆ. ಅದರಲ್ಲಿ 100 ಪುಟಗಳಿಗೆ ಒಂದರಂತೆ ಬಿಡಿ ಬಿಝಡ್2 ಕಟ್ಟುಗಳನ್ನು ಒಂದರ ಹಿಂದೆ ಒಂದು ಜೋಡಿಸಿದೆ. ಜತೆಗೆ ಒಂದು ಸೂಚಿ ಕಡತ ಬರುತ್ತದೆ. ಅದರ ಪ್ರತಿ ಸಾಲಿನಲ್ಲೂ ಕಟ್ಟು ಶುರುವಾಗುವ ಬೈಟ್ ಸ್ಥಾನ, ಪುಟದ ಐಡಿ, ಶೀರ್ಷಿಕೆ, ನಡುನಡುವೆ ಕೋಲನ್. ಶೀರ್ಷಿಕೆಯಲ್ಲೇ ಕೋಲನ್ ಇರಬಹುದಾದ್ದರಿಂದ ‘ಸ್ಪ್ಲಿಟ್’ಗೆ ಗರಿಷ್ಠ 2 ಎಂದು ಹೇಳಿ ಕತ್ತರಿಸಿ. ಆ ಸ್ಥಾನಕ್ಕೆ ‘ಸೀಕ್’ ಮಾಡಿ, ‘ಬಿಝಡ್2ಡಿಕಂಪ್ರೆಸರ್’ನಿಂದ ಒಂದು ಕಟ್ಟು ಮಾತ್ರ ಬಿಚ್ಚಿ.

ಬಿಚ್ಚಿದ್ದನ್ನು ಹಾಗೆಯೇ ಪಾರ್ಸ್‌ಗೆ ಕೊಟ್ಟರೆ ‘ಜಂಕ್ ಆಫ್ಟರ್ ಡಾಕ್ಯುಮೆಂಟ್ ಎಲಿಮೆಂಟ್’ ಎಂದು ಬರುತ್ತದೆ. ಯಾಕೆಂದರೆ ಅದರಲ್ಲಿ ಬೇರು ಇಲ್ಲ, 100 ಪೇಜ್‌ಗಳು ಮಾತ್ರ ಸಾಲಾಗಿವೆ; ಬೇರು ಟ್ಯಾಗ್ ಮೊದಲ ಕಟ್ಟಿನಲ್ಲೇ ಉಳಿದಿದೆ. ಮುಂದೆ ಹಿಂದೆ ನೀವೇ ಒಂದು ಜೊತೆ ಟ್ಯಾಗ್ ಹಾಕಿ ಸುತ್ತಿ. ನೇಮ್‌ಸ್ಪೇಸ್ ಘೋಷಣೆಯೂ ಆ ಬೇರಿನ ಜತೆಗೇ ಉಳಿದದ್ದರಿಂದ ಇಲ್ಲಿ ಟ್ಯಾಗ್‌ನ ಹೆಸರು ಬರೀ ‘ಪೇಜ್’. ಐಟರ್‌ಪಾರ್ಸ್‌ಗೆಂದು ಬರೆದ ಕೋಡ್ ಅನ್ನೇ ಇಲ್ಲಿಗೂ ಬಳಸಬೇಕಿದ್ದರೆ, ನೇಮ್‌ಸ್ಪೇಸ್ ವೇರಿಯಬಲ್ ಖಾಲಿ ಸ್ಟ್ರಿಂಗ್ ಆಗಿದ್ದರೂ ನಡೆಯುವಂತೆ ಬರೆದಿಡಿ.